ಹಳೇ ವಿಂಡೋಸ್‌ನಲ್ಲಿ ಇಂಟರ್ನೆಟ್ ಬಳಸಬಹುದಾ? ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೇನೆ. ಮಂಡಿಪೇಟೆಯ ಅಂಗಡಿ, ಎಪಿಎಂಸಿ ಮಂಡಿ, ಮಂಡಕ್ಕಿ ಭಟ್ಟಿ, ಝೆರಾಕ್ಸ್ ಅಂಗಡಿ, ಮನೆ, ಕರೆದ ಕಡೆ ಹೋಗುತ್ತೇನೆ. ಒಮ್ಮೊಮ್ಮೆ ಚಿತ್ರದುರ್ಗ, ಚಳ್ಳಕೆರೆಗೂ ಹೋಗುತ್ತೇನೆ. ಎಲ್ಲಿ ಹೋದರೂ ಒಂದು ಹಳೇ ಮಷೀನ್ ಇದ್ದೇ ಇರುತ್ತದೆ. ವಿಂಡೋಸ್ ಎಕ್ಸ್‌ಪಿ ಇರುತ್ತದೆ, ಇಲ್ಲಾಂದ್ರೆ ವಿಂಡೋಸ್ 7. ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಪೂರ್ತಿ ಓದಲು ಪುರಸೊತ್ತಿಲ್ಲದವರಿಗೆ ಇಷ್ಟು ಮೊದಲೇ ಹೇಳುತ್ತೇನೆ: ಮಷೀನ್ ಬಿಸಾಕಬೇಡಿ, ಅದರಲ್ಲಿರುವ ಹಳೇ ವಿಂಡೋಸ್‌ಗೆ ಮಾತ್ರ ನೆಟ್ ಕೊಡಬೇಡಿ.

ನನ್ನ ವಿಂಡೋಸ್ ಹಳೇದು ಅಂತ ಹೇಗೆ ಗೊತ್ತಾಗುತ್ತದೆ?

ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿರುವ ಕೀ ಹಿಡಿದುಕೊಂಡು ಆರ್ ಒತ್ತಿ. ಒಂದು ಸಣ್ಣ ಡಬ್ಬಿ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಅಂತ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಯಾವ ವಿಂಡೋಸ್ ಅಂತ ಅದೇ ಹೇಳುತ್ತದೆ.

ಎಕ್ಸ್‌ಪಿ ಬಂದದ್ದು 2001ರಲ್ಲಿ, ಅದರ ಸಪೋರ್ಟ್ ಮುಗಿದದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7 ಬಂದದ್ದು 2009ರಲ್ಲಿ, ಮುಗಿದದ್ದು 2020ರ ಜನವರಿ 14ಕ್ಕೆ. 8.1ರದ್ದು 2023ರ ಜನವರಿಯಲ್ಲಿ ಮುಗಿಯಿತು. ವಿಂಡೋಸ್ 10 ಹೊಸದು ಅಂತ ಇನ್ನೂ ಬಹಳ ಜನ ಅಂದುಕೊಂಡಿದ್ದಾರೆ. ಅದರದ್ದೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮಾತ್ರ 2026ರ ಅಕ್ಟೋಬರ್ 13ರ ವರೆಗೆ ಸುರಕ್ಷತೆಯ ಅಪ್‌ಡೇಟ್ ಬರುತ್ತದೆ. ನಿಮ್ಮದು ವಿಂಡೋಸ್ 10 ಆಗಿದ್ದರೆ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಆ ಆಯ್ಕೆ ಕಾಣುತ್ತದಾ ನೋಡಿ.

ಸಪೋರ್ಟ್ ಮುಗಿಯಿತು ಅಂದರೇನು? ಮಷೀನ್ ಚೆನ್ನಾಗೇ ಆನ್ ಆಗುತ್ತಲ್ಲ?

ಆನ್ ಆಗುತ್ತದೆ, ಪ್ರಿಂಟೂ ಬರುತ್ತದೆ. ಸಪೋರ್ಟ್ ಮುಗಿದ ದಿನ ಏನೂ ಆಗುವುದಿಲ್ಲ. ಅದಕ್ಕೇ ಜನ ನಂಬುವುದಿಲ್ಲ.

ಚಿತ್ರದುರ್ಗದ ಕೋಟೆ ನೋಡಿದ್ದೀರಲ್ವಾ? ಏಳು ಸುತ್ತಿನ ಕೋಟೆ, ಅಷ್ಟು ದೊಡ್ಡ ಬಂಡೆಗಳು, ಅಷ್ಟೊಂದು ಬತೇರಿ. ಆದರೂ ಹೈದರಾಲಿಯ ಸೈನಿಕರು ಕಣ್ಣು ಹಾಕಿದ್ದು ಒಬ್ಬ ಮನುಷ್ಯ ತೆವಳಿಕೊಂಡು ಬರುವಷ್ಟು ಸಣ್ಣ ಕಿಂಡಿಯ ಮೇಲೆ. ವಿಂಡೋಸ್ ಆಗಲಿ ಬೇರೆ ಯಾವುದೇ ಸಾಫ್ಟ್‌ವೇರ್ ಆಗಲಿ, ಕೋಟಿಗಟ್ಟಲೆ ಸಾಲು ಬರೆದ ಮೇಲೆ ಅಂಥ ಕಿಂಡಿ ಉಳಿದೇ ಉಳಿಯುತ್ತದೆ. ಅಪ್‌ಡೇಟ್ ಅಂದರೆ ಗೊತ್ತಾದ ಕಿಂಡಿಯನ್ನು ಮುಚ್ಚುವುದು. ಸಪೋರ್ಟ್ ಮುಗಿದ ಮೇಲೂ ಹೊಸ ಕಿಂಡಿಗಳು ಸಿಗುತ್ತಲೇ ಇರುತ್ತವೆ, ಮುಚ್ಚುವವರು ಮಾತ್ರ ಇರುವುದಿಲ್ಲ. ಇನ್ನೊಂದು ವಿಷಯ ಇದೆ. ಹೊಸ ವಿಂಡೋಸ್‌ನಲ್ಲಿ ಒಂದು ಕಿಂಡಿ ಮುಚ್ಚಿದಾಗ ಅದರ ವಿವರ ಎಲ್ಲರಿಗೂ ಗೊತ್ತಾಗುತ್ತದೆ. ಹಳೇದರಲ್ಲೂ ಅದೇ ಜಾಗದಲ್ಲಿ ಅದೇ ತೂತು ಇದೆಯಾ ಅಂತ ಹುಡುಕುವುದು ಕೆಟ್ಟವರಿಗೆ ಸುಲಭವಾಗುತ್ತದೆ. ಓಬವ್ವ ಒನಕೆ ಹಿಡಿದು ನಿಂತಿದ್ದಳು ಅಂತ ಆ ಸಲ ಕೋಟೆ ಉಳಿಯಿತು. ನಿಮ್ಮ ಎಕ್ಸ್‌ಪಿಯ ಕಿಂಡಿಯ ಹತ್ತಿರ 2014ರಿಂದ ಯಾರೂ ನಿಂತಿಲ್ಲ.

ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಯಾವ ಸೈಟೂ ತೆರೆಯುತ್ತಿಲ್ಲ. ಯಾಕೆ?

ಮೊದಲು ಕೆಳಗಡೆ ಮೂಲೆಯಲ್ಲಿರುವ ತಾರೀಖು ನೋಡಿ.

ಒಂದು ಮಂಡಕ್ಕಿ ಭಟ್ಟಿಯಿಂದ ಇದೇ ದೂರಿಗೆ ಕರೆ ಬಂದಿತ್ತು. ಹೋಗಿ ನೋಡಿದರೆ ಮಷೀನಿನಲ್ಲಿ 2002ರ ಜನವರಿ ಅಂತ ತೋರಿಸುತ್ತಿದೆ. ಕ್ಯಾಬಿನೆಟ್ ಮುಚ್ಚಳ ತೆಗೆದಾಗ ಒಳಗೆ ಫ್ಯಾನಿನ ರೆಕ್ಕೆ ಕಾಣದ ಹಾಗೆ ಕರಿ ಧೂಳು ಮೆತ್ತಿತ್ತು, ಭಟ್ಟಿಯ ಹೊಗೆಯದ್ದು. ಹೊಟ್ಟಿನ ಚೂರೂ ಸೇರಿಕೊಂಡು ಗಟ್ಟಿಯಾಗಿತ್ತು. ಪೇಂಟ್ ಬ್ರಷ್ಷಿನಿಂದ ಕೆರೆದು ತೆಗೆದ ಮೇಲೆ ಮದರ್‌ಬೋರ್ಡಿನ ಮೂಲೆಯಲ್ಲಿ ಎರಡು ರೂಪಾಯಿ ನಾಣ್ಯದ ಹಾಗಿರುವ ಸೆಲ್ ಕಾಣಿಸಿತು. ಅದು ಸತ್ತಿತ್ತು. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋದಾಗ ಮಷೀನ್ ತಾರೀಖು ಮರೆಯುತ್ತದೆ. ಪ್ರತಿ ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದಕ್ಕೆ ಅವಧಿಯೂ ಇರುತ್ತದೆ. ಮಷೀನ್ 2002 ಅಂದುಕೊಂಡರೆ ಎಲ್ಲ ಸರ್ಟಿಫಿಕೇಟೂ ಅದರ ಕಣ್ಣಿಗೆ ಸುಳ್ಳೇ. ಆ ಸೆಲ್ಲಿನ ಹೆಸರು ಸಿಆರ್ 2032. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ತೆಗೆದು, ಹಳೇದನ್ನು ಬಿಡಿಸಿ, ಬರಹ ಇರುವ ಮುಖ ಮೇಲೆ ಬರುವ ಹಾಗೆ ಹೊಸದನ್ನು ಕೂರಿಸಿ ತಾರೀಖು ಸರಿ ಮಾಡಿದರೆ ಆಯಿತು.

ತಾರೀಖು ಸರಿ ಇದ್ದೂ ತೆರೆಯದಿದ್ದರೆ ಕಾರಣ ಬೇರೆ. ಬ್ರೌಸರಿನಲ್ಲಿ ಬೀಗದ ಗುರುತು ಬರುತ್ತಲ್ಲ, ಆ ಬೀಗಕ್ಕೆ ಟಿಎಲ್‌ಎಸ್ ಅನ್ನುತ್ತಾರೆ. ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಗೊತ್ತಿರುವುದು ಅದರ 1.0 ನಮೂನೆವರೆಗೆ ಮಾತ್ರ. 1.0 ಮತ್ತು 1.1 ಗಟ್ಟಿಯಿಲ್ಲ ಅಂತ 2020ರಲ್ಲಿ ದೊಡ್ಡ ಬ್ರೌಸರ್‌ಗಳೆಲ್ಲ ಕೈಬಿಟ್ಟವು, ಬಹಳಷ್ಟು ಸೈಟುಗಳೂ ಕೈಬಿಟ್ಟವು. ಈಗ 1.2 ಇಲ್ಲಾ 1.3 ಬೇಕು. ಜೊತೆಗೆ ಸರ್ಟಿಫಿಕೇಟಿಗೆ ಜಾಮೀನು ನಿಲ್ಲುವ ಮೂಲ ಸರ್ಟಿಫಿಕೇಟ್ ಅಂತ ಇರುತ್ತದೆ, ಅದಕ್ಕೂ ಅವಧಿ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಪುಕ್ಕಟೆ ಸರ್ಟಿಫಿಕೇಟನ್ನು ಜಗತ್ತಿನ ಎಷ್ಟೋ ಸೈಟುಗಳು ಬಳಸುತ್ತವೆ. ಅದು ಆಧರಿಸಿದ್ದ ಒಂದು ಹಳೇ ಮೂಲ ಸರ್ಟಿಫಿಕೇಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಪ್‌ಡೇಟ್ ಕಾಣದ ಮಷೀನುಗಳಲ್ಲಿ ಆ ಸೈಟುಗಳು ಒಂದೇ ಸಲಕ್ಕೆ ಎಚ್ಚರಿಕೆ ತೋರಿಸತೊಡಗಿದವು. ನೆಟ್ ಕೆಟ್ಟಿದೆ ಅಂತ ಕೇಬಲ್‌ನವರಿಗೆ ಫೋನ್ ಮಾಡಿದರೆ ಅವರಾದರೂ ಏನು ಮಾಡುತ್ತಾರೆ, ಅವರ ಲೈನ್ ಸರಿಯಾಗೇ ಇರುತ್ತದೆ.

ಆ ಎಚ್ಚರಿಕೆ ಬಂದಾಗ ‘ಆದರೂ ಮುಂದುವರಿಯಿರಿ’ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಹತ್ತು ಸಲ ಸುಮ್ನೆ ಒತ್ತಿ ರೂಢಿಯಾದರೆ, ಹನ್ನೊಂದನೇ ಸಲ ನಿಜವಾದ ಮೋಸದ ಸೈಟ್ ಬಂದಾಗಲೂ ಕೈ ತಾನಾಗೇ ಒತ್ತುತ್ತದೆ.

ಯಾವ ಬ್ರೌಸರ್ ಹಾಕಿದರೆ ನಡೆಯುತ್ತದೆ?

ಎಕ್ಸ್‌ಪಿಗೆ ಕೊನೆಯ ಕ್ರೋಮ್ 49, ಅದು 2016ರದ್ದು. ಕೊನೆಯ ಫೈರ್‌ಫಾಕ್ಸ್ 52, ಅದಕ್ಕೂ 2018ರಲ್ಲಿ ಅಪ್‌ಡೇಟ್ ನಿಂತಿತು. ಕ್ರೋಮ್ ತೆರೆಯದ ಸೈಟನ್ನು ಎಕ್ಸ್‌ಪಿಯ ಫೈರ್‌ಫಾಕ್ಸ್ ತೆರೆಯುವುದನ್ನು ನೀವು ನೋಡಿರಬಹುದು. ಕಾರಣ ಇಷ್ಟೇ, ಆ ಕ್ರೋಮ್ ವಿಂಡೋಸ್ ಇಟ್ಟುಕೊಂಡಿರುವ ಸರ್ಟಿಫಿಕೇಟ್ ಪಟ್ಟಿ ನೋಡುತ್ತದೆ, ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ವಿಂಡೋಸ್ 7 ಮತ್ತು 8.1ಕ್ಕೆ ಕೊನೆಯ ಕ್ರೋಮ್ 109, ಅದು 2023ರ ಜನವರಿಯದ್ದು. ಫೈರ್‌ಫಾಕ್ಸ್‌ನಲ್ಲಿ 115 ಇಎಸ್‌ಆರ್ (ಹೆಚ್ಚು ದಿನ ಅಪ್‌ಡೇಟ್ ಕೊಡುವ ಆವೃತ್ತಿ) ಕೊನೆಯದು.

ಸೂಪರ್‌ಮಿಯಂ, ಮೈಪಾಲ್ ಅಂತ ಹಳೇ ವಿಂಡೋಸ್‌ಗಾಗಿಯೇ ಕೆಲವರು ಕಟ್ಟಿದ ಬ್ರೌಸರ್‌ಗಳಿವೆ. ಸೈಟ್ ತೆರೆಯುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲು ಹೊಸದು ಹಾಕಿದರೆ ಗೋಡೆ ಹೊಸದಾಗುವುದಿಲ್ಲ. ಕೆಳಗಿರುವ ವಿಂಡೋಸ್ ಅದೇ ತಾನೆ?

ಆಂಟಿವೈರಸ್ ಇದೆ, ಸಾಕಲ್ವಾ?

ಸಾಕಾಗುವುದಿಲ್ಲ. ಅದು ಗೊತ್ತಿರುವ ಕಳ್ಳರನ್ನು ಹಿಡಿಯುತ್ತದೆ, ಕಿಂಡಿ ಮುಚ್ಚುವುದಿಲ್ಲ. ಹೊಸ ಆಂಟಿವೈರಸ್‌ಗಳಲ್ಲಿ ಬಹಳಷ್ಟು ಎಕ್ಸ್‌ಪಿಯಲ್ಲಿ ಇನ್‌ಸ್ಟಾಲೇ ಆಗುವುದಿಲ್ಲ.

ನಮ್ಮದು ಸಣ್ಣ ಅಂಗಡಿ. ನಮ್ಮ ಮಷೀನ್ ಯಾರಿಗೆ ಬೇಕು ಹೇಳಿ?

ಎಲ್ಲರೂ ಕೇಳುವ ಪ್ರಶ್ನೆ ಇದು. ಯಾರೋ ಕೂತು ನಿಮ್ಮ ಅಂಗಡಿಯ ಹೆಸರು ಬರೆದುಕೊಂಡು ಬರುವುದಿಲ್ಲ. ಪ್ರೋಗ್ರಾಮುಗಳೇ ಅಲೆಯುತ್ತಿರುತ್ತವೆ, ತೆರೆದ ಬಾಗಿಲು ಸಿಕ್ಕ ಕಡೆ ನುಗ್ಗುತ್ತವೆ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಅಂತ ಒಂದು ಹುಳು, ಅಂದರೆ ತಾನಾಗೇ ಹರಡುವ ವೈರಸ್, ಬಂದಿತ್ತು. ಆಗ ಸೈಬರ್ ಸೆಂಟರಿಗೆ ಹೋಗುತ್ತಿದ್ದವರಿಗೆ ನೆನಪಿರಬಹುದು, ಅರವತ್ತು ಸೆಕೆಂಡಿನಲ್ಲಿ ಬಂದ್ ಆಗುತ್ತೇನೆ ಅಂತ ಲೆಕ್ಕ ಎಣಿಸಿ ಮಷೀನ್ ರೀಸ್ಟಾರ್ಟ್ ಆಗುತ್ತಿತ್ತು. ಯಾರೂ ಏನೂ ಕ್ಲಿಕ್ ಮಾಡಬೇಕಿರಲಿಲ್ಲ, ನೆಟ್‌ಗೆ ಸಿಕ್ಕಿಸಿದರೆ ಸಾಕಿತ್ತು.

2017ರ ಮೇ 12ರಂದು ವನ್ನಾಕ್ರೈ ಅನ್ನುವ ಇನ್ನೊಂದು ಹುಳು ಬಂತು. ಫೈಲುಗಳಿಗೆಲ್ಲ ಬೀಗ ಹಾಕಿ 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಈ ಕಿಂಡಿ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚಿನಲ್ಲೇ ಕೊಟ್ಟಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ವಿಂಡೋಸ್ 7 ಇಟ್ಟುಕೊಂಡು ಅಪ್‌ಡೇಟ್ ಹಾಕದೇ ಇದ್ದವರು. ಅಂದರೆ ಸಪೋರ್ಟ್ ಇದ್ದಾಗಲೂ ಅಪ್‌ಡೇಟ್ ಬಂದ್ ಮಾಡಿ ಕೂತರೆ ಹಳೇ ವಿಂಡೋಸ್ ಇಟ್ಟುಕೊಂಡ ಹಾಗೇ ಲೆಕ್ಕ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನೆಟ್ ಡೇಟಾ ಖಾಲಿಯಾಗುತ್ತದೆ ಅಂತ ಅಪ್‌ಡೇಟ್ ನಿಲ್ಲಿಸಿಟ್ಟ ಮಷೀನುಗಳನ್ನು ವಾರಕ್ಕೆ ಒಂದಾದರೂ ನೋಡುತ್ತೇನೆ.

ಮನೆಯಲ್ಲಿ ವೈಫೈ ರೂಟರ್ ಇದೆಯಲ್ಲ, ಅದು ಕಾಯುವುದಿಲ್ವಾ?

ಸ್ವಲ್ಪ ಕಾಯುತ್ತದೆ. ಹೊರಗಿನಿಂದ ತಾನಾಗೇ ಬರುವುದನ್ನು ತಡೆಯುತ್ತದೆ. ನೀವೇ ತೆರೆದ ಸೈಟಿನಿಂದ, ಮೇಲ್‌ನ ಫೈಲಿನಿಂದ ಬರುವುದನ್ನು ತಡೆಯುವುದಿಲ್ಲ. ಅದೇ ವೈಫೈಯಲ್ಲಿರುವ ಇನ್ನೊಂದು ಮಷೀನಿನಿಂದ ಬಂದರೂ ತಡೆಯುವುದಿಲ್ಲ.

ಬ್ಯಾಂಕ್ ಕೆಲಸ, ಪಹಣಿ, ಜಿಎಸ್‌ಟಿ ಇವನ್ನೆಲ್ಲ ಹಳೇ ಮಷೀನಿನಲ್ಲಿ ಮಾಡಬಹುದಾ?

ಬ್ಯಾಂಕ್ ಬೇಡವೇ ಬೇಡ. ಪಾಸ್‌ವರ್ಡ್ ಹಾಕಬೇಕಾದ ಯಾವುದೂ ಬೇಡ. ನೀವು ಒತ್ತುವ ಪ್ರತಿ ಕೀಯನ್ನೂ ಬರೆದುಕೊಂಡು ಬೇರೆಯವರಿಗೆ ಕಳಿಸುವ ಪ್ರೋಗ್ರಾಮುಗಳಿವೆ, ಪರದೆಯ ಮೇಲೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಕೈಯಲ್ಲಿರುವ ಫೋನಿಗೆ ಅಪ್‌ಡೇಟ್ ಬರುತ್ತಿದ್ದರೆ ಬ್ಯಾಂಕ್ ಕೆಲಸಕ್ಕೆ ಅದೇ ಎಷ್ಟೋ ವಾಸಿ. ಪಹಣಿಯನ್ನೂ ಫೋನಿನಲ್ಲೇ ನೋಡಿಕೊಳ್ಳಬಹುದು. ಜಿಎಸ್‌ಟಿಯನ್ನು ಅಕೌಂಟೆಂಟ್ ಮಾಡುತ್ತಿದ್ದರೆ ಅವರ ಮಷೀನ್ ಯಾವುದು ಅಂತ ಒಮ್ಮೆ ವಿಚಾರಿಸಿ, ನಿಮ್ಮ ಲಾಗಿನ್ ಅವರ ಹತ್ತಿರ ಇರುತ್ತದೆ. ಕೇಳಿದರೆ ತಪ್ಪೇನಿಲ್ಲ.

ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ.

ನಮ್ಮ ಮಂಡಿಯ ಲೆಕ್ಕದ ಪ್ರೋಗ್ರಾಂ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ. ಏನು ಮಾಡಲಿ?

ಇದು ನಿಜವಾದ ತೊಂದರೆ, ಹೊಸದು ತಗೊಳ್ಳಿ ಅಂತ ಸುಮ್ನೆ ಹೇಳಿ ಹೋಗುವಂಥದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಊರಿನವರೇ ಯಾರೋ ಫಾಕ್ಸ್‌ಪ್ರೊದಲ್ಲಿ ಬರೆದುಕೊಟ್ಟ ಪ್ರೋಗ್ರಾಂ. ಹಮಾಲಿ, ಕಮಿಷನ್, ತೂಕ, ಚೀಲದ ಲೆಕ್ಕ ಎಲ್ಲ ನಮ್ಮ ಮಂಡಿಯ ಪದ್ಧತಿಗೇ ಹೊಂದುತ್ತದೆ. ಬರೆದವರು ಊರು ಬಿಟ್ಟಿರುತ್ತಾರೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕರ್ ಕರ್ ಅಂತ ಪಟ್ಟಿ ಬರುತ್ತದೆ, ರೈತರಿಗೂ ಆ ಪಟ್ಟಿಯೇ ರೂಢಿ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ.

ಆ ಮಷೀನಿನ ನೆಟ್ ಕೇಬಲ್ ಕಿತ್ತುಬಿಡಿ. ವೈಫೈ ಡಾಂಗಲ್ ಇದ್ದರೆ ಅದನ್ನೂ ತೆಗೆಯಿರಿ. ಲೆಕ್ಕದ ಕೆಲಸಕ್ಕೆ ನೆಟ್ ಯಾಕೆ ಬೇಕು? ನೆಟ್‌ಗೆ ಬೇರೆ ಮಷೀನ್ ಇಲ್ಲಾ ಫೋನ್ ಇರಲಿ. ಎರಡರ ನಡುವೆ ಫೈಲ್ ಸಾಗಿಸಲು ಒಂದೇ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅದರ ಮೇಲೆ ‘ಮಂಡಿ’ ಅಂತ ಬರೆದು, ಬೇರೆ ಎಲ್ಲೂ ಹಾಕಬೇಡಿ, ಮಗ ಕಾಲೇಜಿಗೆ ಬೇಕು ಅಂದರೂ ಕೊಡಬೇಡಿ. ನೆಟ್ ಇಲ್ಲದ ಮಷೀನಿಗೆ ರೋಗ ಬರುವುದು ಪೆನ್‌ಡ್ರೈವ್‌ನಿಂದಲೇ.

ದಿನಾ ಸಂಜೆ ಲೆಕ್ಕದ ಫೋಲ್ಡರಿನ ಕಾಪಿ ತೆಗೆಯಿರಿ. ಹಳೇ ಹಾರ್ಡ್‌ಡಿಸ್ಕ್ ಹೇಳದೆ ಕೇಳದೆ ಸಾಯುತ್ತದೆ.

ಇನ್ನೊಂದು ದಾರಿಯೂ ಇದೆ. ಡಾಸ್ ಕಾಲದ ಪ್ರೋಗ್ರಾಂ ಆಗಿದ್ದರೆ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಆದರೆ ಡಾಸ್‌ಬಾಕ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನೊಳಗೆ ಎಷ್ಟೋ ಪ್ರೋಗ್ರಾಮುಗಳು ಓಡುತ್ತವೆ. ಎಕ್ಸ್‌ಪಿಯೇ ಬೇಕು ಅಂದರೆ ಹೊಸ ಮಷೀನಿನಲ್ಲಿ, ಮಷೀನಿನೊಳಗೇ ಇನ್ನೊಂದು ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿ ಕೂರಿಸಿ, ಅದರ ನೆಟ್‌ವರ್ಕ್ ಬಂದ್ ಮಾಡಬಹುದು. ಪ್ರಿಂಟರ್ ಹೊಂದಿಸುವುದಕ್ಕೇ ಅರ್ಧ ದಿನ ಹಿಡಿಯುತ್ತದೆ, ಗೊತ್ತಿರುವವರ ಹತ್ತಿರ ಮಾಡಿಸಿ.

ಅದೇ ಮಷೀನಿಗೆ ವಿಂಡೋಸ್ 11 ಹಾಕಿಕೊಡಿ ಅಂದರೆ?

ಬಹಳಷ್ಟಕ್ಕೆ ಆಗುವುದಿಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು. ಇಂಟೆಲ್ ಕೋರ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದ್ದು ಇಲ್ಲಾ ಅದಕ್ಕಿಂತ ಹೊಸದಾಗಿರಬೇಕು. ಡೆಸ್ಕ್‌ಟಾಪ್ ಆದರೂ ಲ್ಯಾಪ್‌ಟಾಪ್ ಆದರೂ 2017ಕ್ಕಿಂತ ಹಿಂದಿನದ್ದಾದರೆ ಆಸೆ ಬಿಡಿ. ತಪ್ಪಿಸಿ ಹಾಕುವ ದಾರಿಗಳಿವೆ, ಆದರೆ ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ.

ಕ್ರ್ಯಾಕ್ ಮಾಡಿದ ವಿಂಡೋಸ್ ಮಾತ್ರ ಯಾರು ಕೊಟ್ಟರೂ ಹಾಕಿಸಬೇಡಿ. ಅದನ್ನು ಅಸಲಿ ಅಂತ ತೋರಿಸುವ ಆಕ್ಟಿವೇಟರ್ ಓಡಿಸುವ ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಅದೇ ಹೇಳುತ್ತದೆ. ಹೀಗೆ ಹೇಳುವವರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತೀರಾ?

ಹಾಗಾದರೆ ಲಿನಕ್ಸ್ ಹಾಕಿದರೆ ಹೇಗೆ? ನಮಗೆ ಬರುತ್ತಾ?

ಬರುತ್ತದೆ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಇನ್ನೊಂದು ವ್ಯವಸ್ಥೆ. ಹಳೇ ಮಷೀನಿನಲ್ಲೇ ನೆಟ್ ಬೇಕು ಅನ್ನುವವರಿಗೆ ನಾನು ಮಾಡಿಕೊಡುವುದು ಇದನ್ನೇ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಪುಕ್ಕಟೆ, 64 ಬಿಟ್ ಪ್ರೊಸೆಸರ್ ಇರಬೇಕು. 2 ಜಿಬಿ ರ್‍ಯಾಮಿನಲ್ಲಿ ಏಳುತ್ತದೆ, 4 ಜಿಬಿ ಇದ್ದರೆ ಆರಾಮ. ಮಿಂಟ್ 22ಕ್ಕೆ 2029ರ ವರೆಗೆ ಅಪ್‌ಡೇಟ್ ಇದೆ. ಕೆಳಗೆ ಮೆನು, ಮೂಲೆಯಲ್ಲಿ ಗಡಿಯಾರ, ವಿಂಡೋಸ್ 7ರಿಂದ ಬಂದವರಿಗೆ ಅಷ್ಟೇನೂ ಬೇರೆ ಅನಿಸುವುದಿಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೇನೇ ಓಡಿಸಿ ನೋಡಬಹುದು. ವೈಫೈ, ಸೌಂಡ್, ಪ್ರಿಂಟರ್ ಸರಿ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ತೆಗೆದರಾಯಿತು, ಹಳೇದು ಇದ್ದ ಹಾಗೇ ಇರುತ್ತದೆ. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗದ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ, ಮಷೀನ್ ಎದ್ದು ಕೂರುತ್ತದೆ.

32 ಬಿಟ್ ಪ್ರೊಸೆಸರಿನ ತೀರಾ ಹಳೇ ಮಷೀನುಗಳಿಗೆ ದಾರಿ ಮುಚ್ಚುತ್ತಾ ಬಂದಿದೆ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಅಂಥವನ್ನು ನೆಟ್ ಇಲ್ಲದ ಕೆಲಸಕ್ಕೆ ಇಟ್ಟುಕೊಳ್ಳಿ.

ಕನ್ನಡ ಟೈಪಿಂಗ್ ಬಗ್ಗೆ ಭಯ ಬೇಡ. ನುಡಿ ಸಾಫ್ಟ್‌ವೇರಿನಲ್ಲಿ ಕೈ ಕೂತವರಿಗೆ ಬೇಕಾದ ಕಗಪ ಕೀಲಿಮಣೆ ಲಿನಕ್ಸ್‌ನ ಪಟ್ಟಿಯಲ್ಲೇ ಇದೆ, ಆರಿಸಿಕೊಂಡರೆ ಸಾಕು.

ಹೊಸ ಮಷೀನಿನಲ್ಲಿ ನಮ್ಮ ಹಳೇ ನುಡಿ ಫೈಲ್ ತೆರೆದರೆ ಏನೇನೋ ಬರುತ್ತದೆ. ವೈರಸ್ಸಾ?

ಅಲ್ಲ. ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ತಾಯಿಯ ಬಗ್ಗೆ ಬರೆದಿದ್ದ ನಲವತ್ತು ಪುಟ ಹೀಗಾಯಿತು ಅಂತ ಬಹಳ ನೊಂದುಕೊಂಡು ಬಂದಿದ್ದರು. ಪರದೆ ತುಂಬ ಇಂಗ್ಲಿಷ್ ಅಕ್ಷರ, ಒಂದೊಂದಕ್ಕೂ ತಲೆ ಮೇಲೆ ಚುಕ್ಕಿ, ಗೆರೆ, ಬಾಲ. ಒಂದು ಅಕ್ಷರವೂ ಹಾಳಾಗಿರಲಿಲ್ಲ. ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಕಾಣುತ್ತದೆ, ಅಷ್ಟೇ. ಈಗಿನದ್ದು ಯುನಿಕೋಡ್, ಅದರಲ್ಲಿ ಕನ್ನಡಕ್ಕೆ ಸ್ವಂತ ಜಾಗ ಇದೆ. ಆ ಹಳೇ ನಮೂನೆಯಿಂದ (ಅದಕ್ಕೆ ಆಸ್ಕಿ ಅನ್ನುತ್ತಾರೆ) ಯುನಿಕೋಡ್‌ಗೆ ಬದಲಿಸುವ ಪುಕ್ಕಟೆ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತು, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪುವುದು ಅಲ್ಲೇ. ಮೇಷ್ಟ್ರ ನಲವತ್ತು ಪುಟವೂ ಹಾಗೇ ವಾಪಸ್ ಬಂತು. ಹಳೇ ಮಷೀನ್ ಬದುಕಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಫಾರ್ಮ್ಯಾಟ್ ಮಾಡಿಸಿದರೆ ಫೋಟೋ ಹೋಗುತ್ತಾ?

ಹೋಗುತ್ತದೆ. ರಿಪೇರಿ ಕಲಿಯುವ ಮೊದಲು ನಾನೇ ಒಂದು ಅಂಗಡಿಗೆ ಮಷೀನ್ ಕೊಟ್ಟಿದ್ದೆ. ಬ್ಯಾಕಪ್ ತೆಗೆಯುತ್ತೇವೆ ಅಂದಿದ್ದರು, ತೆಗೆಯಲಿಲ್ಲ. ಅಕ್ಕನ ಮದುವೆಯ ಫೋಟೋ ಅಷ್ಟೂ ಹೋಯಿತು, ಅಪ್ಪ ನಗುತ್ತಿದ್ದ ಒಂದೇ ಒಂದು ಫೋಟೋ ಅದರಲ್ಲಿತ್ತು. ಆವತ್ತಿನಿಂದ, ಗಿರಾಕಿ ಬೇಡ ಅಂದರೂ, ಕಾಪಿ ತೆಗೆದು ಅವರ ಎದುರಿಗೇ ನಾಲ್ಕು ಫೈಲ್ ತೆರೆದು ತೋರಿಸಿದ ಮೇಲೇ ಮುಂದಿನ ಕೆಲಸ. ನೀವೂ ಹಾಗೇ ಕೇಳಿ. ಕಾಪಿ ತೆಗೆದಿದ್ದೇವೆ ಅಂದರೆ ತೆರೆದು ತೋರಿಸಿ ಅನ್ನಿ.

ಝೆರಾಕ್ಸ್ ಅಂಗಡಿಯ ಮಷೀನ್ ಹಳೇದಿರುತ್ತದೆ. ಅಲ್ಲಿ ಪ್ರಿಂಟ್ ತೆಗೆಸಬಹುದಾ?

ತೆಗೆಸಿ. ಆದರೆ ಅಲ್ಲಿ ನಿಮ್ಮ ಮೇಲ್‌ಗೆ ಲಾಗಿನ್ ಆಗಬೇಡಿ, ಪಿಡಿಎಫ್ ಮಾಡಿ ಕಳಿಸಿ. ಆಧಾರ್ ಪ್ರಿಂಟ್ ಆದ ಮೇಲೆ ಅಲ್ಲೇ ನಿಂತು ಡಿಲೀಟ್ ಮಾಡಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿ. ಪೆನ್‌ಡ್ರೈವ್ ಒಯ್ದರೆ ಶಾರ್ಟ್‌ಕಟ್ ವೈರಸ್ ಹತ್ತಿಕೊಂಡು ಬರಬಹುದು. ಫೋಲ್ಡರುಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿ ಕಂಡರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ, ಆ ಶಾರ್ಟ್‌ಕಟ್ಟನ್ನೂ ಒತ್ತಬೇಡಿ. ಸಾಮಾನ್ಯವಾಗಿ ಫೈಲುಗಳು ಒಳಗೇ ಇರುತ್ತವೆ, ಅಡಗಿಸಿಟ್ಟಿರುತ್ತದೆ ಅಷ್ಟೇ. ಲಿನಕ್ಸ್ ಮಷೀನಿಗೆ ಹಾಕಿದರೆ ಕಾಣುತ್ತವೆ.

ಕೊನೆಗೆ ಗುಜರಿಗೆ ಹಾಕುವುದಾದರೆ?

ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಡೆಸ್ಕ್‌ಟಾಪ್ ಆದರೆ ಎರಡು ವೈರು, ನಾಲ್ಕು ಸ್ಕ್ರೂ, ಅಷ್ಟೇ ಕೆಲಸ. ಡಿಲೀಟ್ ಮಾಡಿದ್ದು, ಫಾರ್ಮ್ಯಾಟ್ ಮಾಡಿದ್ದು ಎಷ್ಟೋ ಸಲ ವಾಪಸ್ ತೆಗೆಯಲು ಬರುತ್ತದೆ, ಅದಕ್ಕೇ ತೂಕಕ್ಕೆ ಕೊಡುವಾಗ ಡಿಸ್ಕ್ ಜೊತೆಗೆ ಕೊಡಬೇಡಿ. ರ್‍ಯಾಮ್ ಚೆನ್ನಾಗಿದ್ದರೆ ನನ್ನಂಥವರಿಗೆ ಕೊಡಿ. ಇನ್ನೊಬ್ಬರ 2 ಜಿಬಿ ಮಷೀನ್ ಅದರಿಂದ 4 ಜಿಬಿ ಆಗುತ್ತದೆ, ಲಿನಕ್ಸ್ ಆರಾಮಾಗಿ ಓಡುತ್ತದೆ.